ಸೊಂಟನೋವು ಮತ್ತು ರೋಗಿಯ ನಂಬಿಕೆಗಳು: ಪ್ರಶ್ನಾವಳಿಗಳ ಮೂಲಕ ಅಳೆಯುವ ಬಗೆ

ಜೀವಮಾನದಲ್ಲಿ ಒಮ್ಮೆಯಾದರೂ ಸೊಂಟನೋವಿನಿಂದ ಬಳಲದವರು ವಿರಳ. ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳು, ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರು, ದಿನವಿಡೀ ಕುಳಿತು ಕೆಲಸ ಮಾಡುವ ಕಚೇರಿ ನೌಕರರು, ಮನೆವಾರ್ತೆಯಲ್ಲಿ ನಿರತರಾದ ಗೃಹಿಣಿಯರು, ಹೀಗೆ ಸಮಾಜದ ಯಾವ ವರ್ಗವನ್ನೂ ಈ ನೋವು ಬಿಟ್ಟಿಲ್ಲ. 2020ರಲ್ಲಿ ವಿಶ್ವದಾದ್ಯಂತ ಸುಮಾರು 61.9 ಕೋಟಿ ಜನರು ಸೊಂಟನೋವನ್ನು ಅನುಭವಿಸುತ್ತಿದ್ದರೆಂದೂ, 2050ರ ವೇಳೆಗೆ ಈ ಸಂಖ್ಯೆ 84.3 ಕೋಟಿಗೆ ಏರಬಹುದೆಂದೂ ಅಂದಾಜು ಮಾಡಲಾಗಿದೆ. ಅನಾರೋಗ್ಯದ ಕಾರಣದಿಂದ ಜನರು ತಮ್ಮ ನಿತ್ಯದ ಕಾರ್ಯಗಳನ್ನು ಸರಿಯಾಗಿ ನಡೆಸಲಾಗದೆ ಕಳೆಯುವ ವರ್ಷಗಳನ್ನು ಲೆಕ್ಕ ಹಾಕಿದಾಗ, ಎಲ್ಲ ಕಾಯಿಲೆಗಳ ಪೈಕಿ ಸೊಂಟನೋವೇ ಮೊದಲ ಸ್ಥಾನದಲ್ಲಿ ನಿಲ್ಲುತ್ತದೆ.

ಸೊಂಟನೋವಿನ ಬಹುಪಾಲು ಪ್ರಕರಣಗಳಲ್ಲಿ ಮೂಳೆ ಮುರಿತ, ಸೋಂಕು, ಗಡ್ಡೆ ಮೊದಲಾದ ನಿರ್ದಿಷ್ಟ ಕಾರಣಗಳು ಕಂಡುಬರುವುದಿಲ್ಲ. ಇಂತಹ ನೋವು ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಇಳಿಮುಖವಾಗುತ್ತದೆ. ಆದರೆ ಕೆಲವರಲ್ಲಿ ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿದು, ಉದ್ಯೋಗ, ಸಂಸಾರ ಹಾಗೂ ಸಾಮಾಜಿಕ ಜೀವನವನ್ನು ಕುಂಠಿತಗೊಳಿಸುತ್ತದೆ. ಒಂದೇ ವಯಸ್ಸಿನ, ಒಂದೇ ಬಗೆಯ ದುಡಿಮೆಯ, ಒಂದೇ ರೀತಿಯ ನೋವಿನ ಇಬ್ಬರು ವ್ಯಕ್ತಿಗಳಲ್ಲಿ ಒಬ್ಬರು ಬೇಗನೆ ಚೇತರಿಸಿಕೊಂಡು ಇನ್ನೊಬ್ಬರು ಹಾಸಿಗೆ ಹಿಡಿಯುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದ ಸಂಶೋಧಕರಿಗೆ, ರೋಗಿಯು ತನ್ನ ಬೆನ್ನಿನ ಬಗ್ಗೆ ಏನನ್ನು ನಂಬಿದ್ದಾನೆ ಎಂಬ ಸಂಗತಿಯೂ ಮುಖ್ಯವೆಂದು ಮನವರಿಕೆಯಾಯಿತು. ಆ ನಂಬಿಕೆಯನ್ನು ಅಳೆಯಲು ರೂಪಿಸಲಾದ ಸಾಧನಗಳೇ ಈ ಲೇಖನದಲ್ಲಿ ವಿವರಿಸಲಾಗಿರುವ ಪ್ರಶ್ನಾವಳಿಗಳು.

ಚಿತ್ರದಲ್ಲಿ ಕಾಣುವುದು ಮತ್ತು ಕಾಣದಿರುವುದು

ಸೊಂಟನೋವು ಬಂದೊಡನೆ ಎಕ್ಸ್-ರೇ ಅಥವಾ ಎಂ.ಆರ್.ಐ. ಚಿತ್ರವನ್ನು ತೆಗೆಸಿದರೆ ಕಾರಣವು ಸ್ಪಷ್ಟವಾಗುತ್ತದೆ ಎಂಬುದು ಜನಸಾಮಾನ್ಯರ ಭಾವನೆ. ವಾಸ್ತವದಲ್ಲಿ ಚಿತ್ರದಲ್ಲಿ ಕಾಣುವ ಬದಲಾವಣೆಗೂ ರೋಗಿಯು ಅನುಭವಿಸುವ ನೋವಿಗೂ ಇರುವ ಸಂಬಂಧ ಬಹಳ ಸಡಿಲವಾದುದು. ಬೆನ್ನುನೋವೇ ಇಲ್ಲದ 3,110 ಮಂದಿಯನ್ನು ಒಳಗೊಂಡ 33 ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಲಾದ ವಿಮರ್ಶೆಯೊಂದರ ಪ್ರಕಾರ, 20 ವರ್ಷದವರಲ್ಲಿ ಶೇಕಡಾ 37ರಷ್ಟು ಮಂದಿಗೆ ಬೆನ್ನುಮೂಳೆಯ ಡಿಸ್ಕ್ ಸವೆದಿರುವ ಲಕ್ಷಣಗಳಿದ್ದವು. 80 ವರ್ಷದವರಲ್ಲಿ ಈ ಪ್ರಮಾಣ ಶೇಕಡಾ 96ರಷ್ಟಿತ್ತು. ಅಂದರೆ ತಲೆಗೂದಲು ನರೆಯುವಂತೆ, ಚರ್ಮ ಸುಕ್ಕಾಗುವಂತೆ, ಡಿಸ್ಕ್‌ಗಳ ಸವೆತವೂ ಬಹುಮಟ್ಟಿಗೆ ವಯೋಧರ್ಮವೇ ಆಗಿದೆ.

ಆದರೆ "ನಿಮ್ಮ ಬೆನ್ನುಮೂಳೆ ಸವೆದಿದೆ", "ಡಿಸ್ಕ್ ಜಾರಿದೆ" ಎಂಬ ಮಾತುಗಳನ್ನು ಕೇಳಿದ ರೋಗಿಯ ಮನಸ್ಸಿನಲ್ಲಿ ಮೂಡುವ ಚಿತ್ರವೇ ಬೇರೆ. ಡಿಸ್ಕ್ ಎಂಬುದು ತನ್ನ ಸ್ಥಾನದಿಂದ ಇಡಿಯಾಗಿ ಜಾರಿಹೋಗುವ ಬಿಲ್ಲೆಯಲ್ಲ. ಮೇಲಿನ ಮತ್ತು ಕೆಳಗಿನ ಮೂಳೆಗಳಿಗೆ ಅದು ಭದ್ರವಾಗಿ ಅಂಟಿಕೊಂಡಿರುತ್ತದೆ. ಅದರ ಅಂಚು ಉಬ್ಬಬಹುದು. ಕೆಲವೊಮ್ಮೆ ಒಳಗಿನ ಮೆತ್ತನೆಯ ಭಾಗ ಹೊರಚಾಚಿ ನರವನ್ನು ಒತ್ತಬಹುದು. ಹೀಗೆ ಹೊರಚಾಚಿದ ಭಾಗವೂ ಅನೇಕರಲ್ಲಿ ಕಾಲಕ್ರಮೇಣ ತಾನಾಗಿಯೇ ಕುಗ್ಗುತ್ತದೆ. ಈ ವಿವರಣೆ ದೊರೆಯದ ರೋಗಿಯು ತನ್ನ ಬೆನ್ನು ಯಾವ ಕ್ಷಣದಲ್ಲಾದರೂ ಮುರಿದುಬೀಳಬಹುದಾದ ಹಳೆಯ ತೊಲೆಯಂತಾಗಿದೆ ಎಂದು ಭಾವಿಸಿ ಹೆದರುವುದು ಸಹಜವೇ ಆಗಿದೆ.

ಭಯದಿಂದ ಅಸಾಮರ್ಥ್ಯದವರೆಗೆ

ನೋವಿಗೂ ಭಯಕ್ಕೂ ಇರುವ ಈ ನಂಟನ್ನು ಕುರಿತು 1983ರಲ್ಲಿ ಬ್ರಿಟನ್ನಿನ ಸಂಶೋಧಕರು ಒಂದು ಸಿದ್ಧಾಂತವನ್ನು ಮಂಡಿಸಿದರು. ಮುಂದೆ 2000ದಲ್ಲಿ ಯೋಹಾನ್ ವ್ಲಾಯೆನ್ ಮತ್ತು ಸ್ಟೀವನ್ ಲಿಂಟನ್ ಎಂಬ ವಿದ್ವಾಂಸರು ಅದನ್ನು ವಿಶದವಾಗಿ ವಿವರಿಸಿದರು. ಭಯ ಮತ್ತು ಪರಿಹರಣದ ಈ ಸಿದ್ಧಾಂತದ ಸಾರಾಂಶ ಹೀಗಿದೆ. ನೋವು ಬಂದಾಗ ಅದನ್ನು ತಾತ್ಕಾಲಿಕವೆಂದು ಬಗೆದ ವ್ಯಕ್ತಿಯು ಮೆಲ್ಲಮೆಲ್ಲನೆ ತನ್ನ ಕೆಲಸಗಳಿಗೆ ಮರಳುತ್ತಾನೆ. ದೇಹ ಪುನಃ ಚಲನೆಗೆ ಒಗ್ಗಿ ಗುಣವಾಗುತ್ತಾನೆ. ನೋವನ್ನು ಅಪಾಯದ ಮುನ್ಸೂಚನೆ ಎಂದು ಬಗೆದ ವ್ಯಕ್ತಿಯಾದರೋ ಬಗ್ಗುವುದನ್ನೂ, ಭಾರ ಎತ್ತುವುದನ್ನೂ, ಕ್ರಮೇಣ ನಡೆದಾಡುವುದನ್ನೂ ಬಿಡುತ್ತಾನೆ. ಉಪಯೋಗವಿಲ್ಲದೆ ಸ್ನಾಯುಗಳು ಶಕ್ತಿಗುಂದುತ್ತವೆ, ಕೀಲುಗಳು ಬಿಗಿಯಾಗುತ್ತವೆ, ಮನಸ್ಸು ಖಿನ್ನವಾಗುತ್ತದೆ. ಆಗ ಅಲ್ಪ ಚಲನೆಯೂ ನೋವನ್ನುಂಟುಮಾಡಿ, ಮೊದಲಿನ ಭಯವೇ ನಿಜವೆಂಬಂತೆ ತೋರುತ್ತದೆ. ಹೀಗೆ ಭಯವು ಅಸಾಮರ್ಥ್ಯವನ್ನೂ ಅಸಾಮರ್ಥ್ಯವು ಭಯವನ್ನೂ ಬೆಳೆಸುವ ವಿಷಚಕ್ರವೊಂದು ಏರ್ಪಡುತ್ತದೆ.

ಈ ಭಯಕ್ಕೆ ರೋಗಿಯೊಬ್ಬನನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ. ದೀರ್ಘಕಾಲದವರೆಗೆ ವೈದ್ಯರೂ ಸಹ ಸೊಂಟನೋವಿಗೆ ಸಂಪೂರ್ಣ ವಿಶ್ರಾಂತಿಯನ್ನೇ ಮದ್ದೆಂದು ಸೂಚಿಸುತ್ತಿದ್ದರು. 1986ರಲ್ಲಿ ಅಮೆರಿಕದಲ್ಲಿ 203 ರೋಗಿಗಳ ಮೇಲೆ ನಡೆಸಿದ ಅಧ್ಯಯನವೊಂದರಲ್ಲಿ ಕೆಲವರಿಗೆ 2 ದಿನಗಳ, ಉಳಿದವರಿಗೆ 7 ದಿನಗಳ ಹಾಸಿಗೆ ವಿಶ್ರಾಂತಿಯನ್ನು ಸೂಚಿಸಲಾಯಿತು. ಗುಣವಾಗುವುದರಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಂಡುಬರಲಿಲ್ಲ. 2 ದಿನಗಳ ಗುಂಪಿನವರು ಕೆಲಸಕ್ಕೆ ಗೈರುಹಾಜರಾದ ದಿನಗಳು ಮಾತ್ರ ಶೇಕಡಾ 45ರಷ್ಟು ಕಡಿಮೆಯಾಗಿದ್ದವು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರಾಡಳಿತದ 186 ನೌಕರರ ಮೇಲೆ ನಡೆಸಿದ ಅಧ್ಯಯನದಲ್ಲಿ, ಹಾಸಿಗೆ ವಿಶ್ರಾಂತಿ ಪಡೆದವರಿಗಿಂತಲೂ, ವಿಶೇಷ ವ್ಯಾಯಾಮ ಮಾಡಿದವರಿಗಿಂತಲೂ, ನೋವು ಅನುಮತಿಸಿದ ಮಟ್ಟಿಗೆ ದೈನಂದಿನ ಕಾರ್ಯಗಳನ್ನು ಮುಂದುವರಿಸಿದವರು ಬೇಗನೆ ಚೇತರಿಸಿಕೊಂಡರು. ವೈದ್ಯಶಾಸ್ತ್ರದ ಅಭಿಪ್ರಾಯ ಹೀಗೆ ಬದಲಾಗಿದ್ದರೂ ಜನಮಾನಸದಲ್ಲಿ ಹಳೆಯ ನಂಬಿಕೆಯೇ ಬೇರೂರಿದೆ.

ನಂಬಿಕೆಯನ್ನು ಅಳೆಯುವುದೆಂತು?

ಜ್ವರವನ್ನು ಅಳೆಯಲು ಉಷ್ಣಮಾಪಕವಿದೆ, ರಕ್ತದೊತ್ತಡವನ್ನು ಅಳೆಯಲು ಯಂತ್ರವಿದೆ. ಕಣ್ಣಿಗೆ ಕಾಣದ ನಂಬಿಕೆಯನ್ನು ಅಳೆಯುವ ಉಪಾಯವನ್ನು ಸಮಾಜ ವಿಜ್ಞಾನಿಗಳು ಒದಗಿಸಿಕೊಟ್ಟರು. ಅಮೆರಿಕದ ರೆನ್ಸಿಸ್ ಲಿಕರ್ಟ್ ಎಂಬ ಮನೋವಿಜ್ಞಾನಿ 1932ರಲ್ಲಿ ರೂಪಿಸಿದ ವಿಧಾನದಲ್ಲಿ, ಒಂದು ವಿಷಯಕ್ಕೆ ಸಂಬಂಧಿಸಿದ ಹಲವಾರು ಹೇಳಿಕೆಗಳನ್ನು ವ್ಯಕ್ತಿಯ ಮುಂದಿಟ್ಟು, ಪ್ರತಿಯೊಂದನ್ನೂ ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂದು ಕೇಳಲಾಗುತ್ತದೆ. "ಸಂಪೂರ್ಣವಾಗಿ ಒಪ್ಪುತ್ತೇನೆ" ಎಂಬಲ್ಲಿಂದ "ಕಿಂಚಿತ್ತೂ ಒಪ್ಪುವುದಿಲ್ಲ" ಎಂಬಲ್ಲಿಯವರೆಗಿನ ಪ್ರತಿ ಉತ್ತರಕ್ಕೂ ಒಂದೊಂದು ಅಂಕವನ್ನು ನಿಗದಿಪಡಿಸಿ, ಕೊನೆಯಲ್ಲಿ ಎಲ್ಲವನ್ನೂ ಕೂಡಲಾಗುತ್ತದೆ. ಒಂದೇ ಪ್ರಶ್ನೆಯ ಉತ್ತರ ಆ ಕ್ಷಣದ ಮನಃಸ್ಥಿತಿಗೆ ಅನುಗುಣವಾಗಿ ಏರುಪೇರಾಗಬಹುದು. ಹತ್ತಾರು ಹೇಳಿಕೆಗಳ ಒಟ್ಟು ಮೊತ್ತವು ಅದಕ್ಕಿಂತ ಹೆಚ್ಚು ಸ್ಥಿರವಾಗಿರುತ್ತದೆ ಎಂಬುದು ಈ ವಿಧಾನದ ಆಧಾರ.

ಪ್ರಮುಖ ಪ್ರಶ್ನಾವಳಿಗಳು

ಸೊಂಟನೋವಿನ ಕ್ಷೇತ್ರದಲ್ಲಿ ಪ್ರಸಿದ್ಧವಾದ ಪ್ರಶ್ನಾವಳಿಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಮೂಳೆ ಶಸ್ತ್ರವೈದ್ಯ ಗಾರ್ಡನ್ ವಾಡೆಲ್ ಮತ್ತು ಅವರ ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದರು. ಭಯಜನ್ಯ ಪರಿಹರಣದ ನಂಬಿಕೆಗಳನ್ನು ಅಳೆಯುವ ಇದರಲ್ಲಿ 16 ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ 0ಯಿಂದ 6ರವರೆಗೆ ಅಂಕ ನೀಡಬೇಕಾಗುತ್ತದೆ. ಇವುಗಳಲ್ಲಿ 11 ಹೇಳಿಕೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಎರಡು ಮೊತ್ತಗಳನ್ನು ಪಡೆಯಲಾಗುತ್ತದೆ. ದೈಹಿಕ ಚಟುವಟಿಕೆಗೆ ಸಂಬಂಧಿಸಿದ 4 ಹೇಳಿಕೆಗಳಿಂದ ಗರಿಷ್ಠ 24 ಅಂಕಗಳೂ, ಉದ್ಯೋಗಕ್ಕೆ ಸಂಬಂಧಿಸಿದ 7 ಹೇಳಿಕೆಗಳಿಂದ ಗರಿಷ್ಠ 42 ಅಂಕಗಳೂ ಬರುತ್ತವೆ. ಅಂಕ ಹೆಚ್ಚಿದಷ್ಟೂ ಭಯ ಹೆಚ್ಚೆಂದು ಅರ್ಥ. ನಡೆದಾಡಲು ಹೆದರದ ವ್ಯಕ್ತಿಯು ತನ್ನ ಉದ್ಯೋಗದಿಂದಲೇ ಬೆನ್ನು ಹಾಳಾಯಿತೆಂದು ನಂಬಿರಬಹುದು. ಆದ್ದರಿಂದಲೇ ಈ ಎರಡು ಭಾಗಗಳನ್ನು ಪ್ರತ್ಯೇಕವಾಗಿ ಅಳೆಯಲಾಗುತ್ತದೆ.

ಎರಡನೆಯದು, ಚಲನಭೀತಿಯನ್ನು ಅಳೆಯಲು 1991ರಲ್ಲಿ ರೂಪಿಸಲಾದ ಟ್ಯಾಂಪಾ ಮಾಪಕ. ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದ ಹೆಸರನ್ನು ಹೊತ್ತಿರುವ ಇದರಲ್ಲಿ 17 ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ 1ರಿಂದ 4ರವರೆಗೆ ಅಂಕಗಳಿವೆ. ಒಟ್ಟು ಮೊತ್ತ 17ರಿಂದ 68ರವರೆಗೆ ಇರಬಹುದು. ಇದರಲ್ಲಿ 4 ಹೇಳಿಕೆಗಳನ್ನು ಉಳಿದವುಗಳಿಗೆ ವಿರುದ್ಧವಾದ ಧಾಟಿಯಲ್ಲಿ ರಚಿಸಲಾಗಿದ್ದು, ಅವುಗಳ ಅಂಕವನ್ನು ತಿರುವುಮುರುವು ಮಾಡಿ ಕೂಡಬೇಕಾಗುತ್ತದೆ. ಎಲ್ಲ ಹೇಳಿಕೆಗಳಿಗೂ ಓದದೆಯೇ "ಒಪ್ಪುತ್ತೇನೆ" ಎಂದು ಗುರುತು ಹಾಕುತ್ತ ಹೋಗುವವರ ಪ್ರವೃತ್ತಿಯನ್ನು ಸರಿದೂಗಿಸುವುದು ಇದರ ಉದ್ದೇಶ.

ಮೂರನೆಯದು, 1996ರಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧಪಡಿಸಲಾದ ಬೆನ್ನಿನ ನಂಬಿಕೆಗಳ ಪ್ರಶ್ನಾವಳಿ. ಸೊಂಟನೋವು ಬಂದವರ ಭವಿಷ್ಯ ಏನಾಗುತ್ತದೆ ಎಂಬ ಬಗ್ಗೆ ಜನರ ಅಭಿಪ್ರಾಯವನ್ನು ಇದು ಅಳೆಯುತ್ತದೆ. 14 ಹೇಳಿಕೆಗಳ ಪೈಕಿ 9ಕ್ಕೆ ಮಾತ್ರ ಅಂಕ ನೀಡಲಾಗುತ್ತದೆ. ಮೊತ್ತ 9ರಿಂದ 45ರವರೆಗೆ ಇರುತ್ತದೆ. ಮೊದಲಿನ ಎರಡು ಸಾಧನಗಳಿಗೆ ವ್ಯತಿರಿಕ್ತವಾಗಿ ಇದರಲ್ಲಿ ಹೆಚ್ಚಿನ ಅಂಕವು ಆಶಾದಾಯಕ ನಂಬಿಕೆಯನ್ನು ಸೂಚಿಸುತ್ತದೆ. ನೋವಿಲ್ಲದವರೂ ಇದಕ್ಕೆ ಉತ್ತರಿಸಬಹುದಾದ್ದರಿಂದ ಇಡೀ ಜನಸಮುದಾಯದ ಸಮೀಕ್ಷೆಗೆ ಇದು ಅನುಕೂಲಕರವಾಗಿದೆ.

ಇವಲ್ಲದೆ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾನಿಲಯದ ತಜ್ಞರು 2008ರಲ್ಲಿ ಪ್ರಕಟಿಸಿದ 9 ಅಂಶಗಳ ಪುಟ್ಟ ಪ್ರಶ್ನಾವಳಿಯೊಂದು ಬಳಕೆಯಲ್ಲಿದೆ. ಇದರ ನೆರವಿನಿಂದ ರೋಗಿಗಳನ್ನು ದೀರ್ಘಕಾಲದ ಅಸಾಮರ್ಥ್ಯದ ಸಾಧ್ಯತೆ ಕಡಿಮೆ, ಮಧ್ಯಮ ಅಥವಾ ಅಧಿಕವಾಗಿರುವ ಮೂರು ವರ್ಗಗಳಾಗಿ ವಿಂಗಡಿಸಿ, ಅದಕ್ಕೆ ತಕ್ಕ ಚಿಕಿತ್ಸೆಯನ್ನು ನೀಡಬಹುದು. 851 ರೋಗಿಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಈ ವಿಂಗಡಣೆಯ ಪದ್ಧತಿಯು ರೂಢಿಯ ಚಿಕಿತ್ಸೆಗಿಂತ ಉತ್ತಮ ಫಲಿತಾಂಶವನ್ನು ನೀಡಿತಲ್ಲದೆ ವೆಚ್ಚವನ್ನೂ ತಗ್ಗಿಸಿತು.

ಅಂಕಗಳನ್ನು ಅರ್ಥೈಸುವ ರೀತಿ

ಕೇವಲ ನಿದರ್ಶನಕ್ಕಾಗಿ, ವಾಡೆಲ್ ಅವರ ಪ್ರಶ್ನಾವಳಿಯ ದೈಹಿಕ ಚಟುವಟಿಕೆಯ 4 ಹೇಳಿಕೆಗಳಿಗೆ ಮಗ್ಗದ ಕಾರ್ಮಿಕರೊಬ್ಬರು 5, 6, 4 ಮತ್ತು 5 ಎಂದು ಗುರುತು ಹಾಕಿದರೆಂದು ಭಾವಿಸೋಣ. ಮೊತ್ತ 24ಕ್ಕೆ 20 ಆಗುತ್ತದೆ. ಇಷ್ಟನ್ನು ನೋಡಿದ ಚಿಕಿತ್ಸಕರಿಗೆ, ಈ ರೋಗಿಗೆ ವ್ಯಾಯಾಮದ ಪಟ್ಟಿಯನ್ನು ಕೊಟ್ಟು ಕಳುಹಿಸಿದರೆ ಸಾಲದು, ವ್ಯಾಯಾಮ ಮಾಡಿದರೆ ಬೆನ್ನು ಹಾಳಾಗುತ್ತದೆಂಬ ಶಂಕೆಯನ್ನು ಮೊದಲು ಪರಿಹರಿಸಬೇಕು ಎಂಬುದು ತಿಳಿಯುತ್ತದೆ. ಕೆಲವು ವಾರಗಳ ಚಿಕಿತ್ಸೆಯ ತರುವಾಯ ಅದೇ ಹೇಳಿಕೆಗಳಿಗೆ 3, 2, 3 ಮತ್ತು 2 ಎಂಬ ಉತ್ತರಗಳು ಬಂದರೆ ಮೊತ್ತ 10ಕ್ಕೆ ಇಳಿದಿರುತ್ತದೆ. ನೋವು ಇನ್ನೂ ಸ್ವಲ್ಪ ಉಳಿದಿದ್ದರೂ ಭಯ ಇಳಿದಿರುವುದು ಇದರಿಂದ ವ್ಯಕ್ತವಾಗುತ್ತದೆ. ಒಟ್ಟು ಮೊತ್ತದ ಜೊತೆಗೆ ಯಾವ ಹೇಳಿಕೆಗೆ ಅತಿ ಹೆಚ್ಚು ಅಂಕ ಬಂದಿದೆ ಎಂಬುದನ್ನೂ ಅನುಭವಿ ಚಿಕಿತ್ಸಕರು ಗಮನಿಸುತ್ತಾರೆ. ಸಮಾಲೋಚನೆಯನ್ನು ಅಲ್ಲಿಂದಲೇ ಆರಂಭಿಸಬಹುದು.

ಇಷ್ಟು ಅಂಕಕ್ಕಿಂತ ಮೇಲೆ ಅಪಾಯ, ಕೆಳಗೆ ಕ್ಷೇಮ ಎಂಬ ಎಲ್ಲರೂ ಒಪ್ಪಿದ ಗಡಿರೇಖೆಯಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಬೇರೆ ಬೇರೆ ಅಧ್ಯಯನಗಳು ಬೇರೆ ಬೇರೆ ಗಡಿಗಳನ್ನು ಬಳಸಿವೆ.

ಅಳತೆಗೋಲಿನ ಪರೀಕ್ಷೆ

ಬಟ್ಟೆ ಅಳೆಯುವ ಗಜಕಡ್ಡಿಯೇ ಒಮ್ಮೆ ಉದ್ದ, ಒಮ್ಮೆ ಗಿಡ್ಡವಾದರೆ ಅಳತೆಗೆ ಅರ್ಥವಿರುವುದಿಲ್ಲ. ಅಂತೆಯೇ ಪ್ರತಿಯೊಂದು ಪ್ರಶ್ನಾವಳಿಯೂ ಬಳಕೆಗೆ ಬರುವ ಮುನ್ನ ಎರಡು ಬಗೆಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಮೊದಲನೆಯದು ವಿಶ್ವಸನೀಯತೆ. ರೋಗಿಯ ಸ್ಥಿತಿ ಬದಲಾಗದಿರುವಾಗ ಕೆಲವು ದಿನಗಳ ಅಂತರದಲ್ಲಿ ಎರಡು ಬಾರಿ ಉತ್ತರ ಪಡೆದರೆ ಮೊತ್ತಗಳು ಹೆಚ್ಚುಕಡಿಮೆ ಒಂದೇ ಆಗಿರಬೇಕು. ಹೇಳಿಕೆಗಳು ಪರಸ್ಪರ ಹೊಂದಿಕೆಯಾಗಬೇಕು. ಈ ಹೊಂದಿಕೆಯನ್ನು ಲೆಕ್ಕ ಹಾಕಲು ಲೀ ಕ್ರಾನ್‌ಬ್ಯಾಕ್ ಎಂಬ ವಿದ್ವಾಂಸರು 1951ರಲ್ಲಿ ವಿವರಿಸಿದ ಆಲ್ಫಾ ಎಂಬ ಸೂಚ್ಯಂಕವನ್ನು ಇಂದಿಗೂ ಬಳಸಲಾಗುತ್ತದೆ. ಎರಡನೆಯದು ಸಿಂಧುತ್ವ. ಅಳೆಯಬೇಕಾದುದನ್ನೇ ಪ್ರಶ್ನಾವಳಿ ಅಳೆಯುತ್ತಿದೆಯೇ ಎಂಬ ಪರಿಶೀಲನೆ ಇದು. ಉದಾಹರಣೆಗೆ, ಭಯವನ್ನು ಅಳೆಯುವ ಸಾಧನವು ಕೇವಲ ನೋವಿನ ತೀವ್ರತೆಯನ್ನೇ ಪ್ರತಿಬಿಂಬಿಸುತ್ತಿದ್ದರೆ ಅದರಿಂದ ಹೊಸ ತಿಳಿವಳಿಕೆ ದೊರೆಯುವುದಿಲ್ಲ. ವಾಡೆಲ್ ಅವರ ಅಧ್ಯಯನವು ಗಮನ ಸೆಳೆದದ್ದು ಇದೇ ಕಾರಣದಿಂದ. ನೋವಿನ ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ನಂತರವೂ, ಉದ್ಯೋಗದ ಕುರಿತ ಭಯಕ್ಕೂ ಕೆಲಸಕ್ಕೆ ಗೈರುಹಾಜರಾಗುವುದಕ್ಕೂ ಗಾಢವಾದ ಸಂಬಂಧವಿರುವುದು ಅದರಲ್ಲಿ ಕಂಡುಬಂದಿತು.

ಭಾಷೆಯ ಮಹತ್ವ

ಈ ಪ್ರಶ್ನಾವಳಿಗಳೆಲ್ಲವೂ ಮೂಲತಃ ಇಂಗ್ಲಿಷಿನಲ್ಲಿ ರಚಿತವಾದವು. ಅನ್ಯಭಾಷಿಕರಿಗೆ ಅವುಗಳನ್ನು ನೀಡುವಾಗ ಪದಕ್ಕೆ ಪದವಿಟ್ಟು ಭಾಷಾಂತರಿಸಿದರೆ ಅಳತೆಯೇ ಕೆಟ್ಟುಹೋಗುವ ಸಂಭವವಿದೆ. 2000ದಲ್ಲಿ ಪ್ರಕಟವಾದ, ವ್ಯಾಪಕವಾಗಿ ಅನುಸರಿಸಲಾಗುತ್ತಿರುವ ಮಾರ್ಗಸೂಚಿಯ ಪ್ರಕಾರ, ಮೊದಲು ಇಬ್ಬರು ಅನುವಾದಕರು ಪ್ರತ್ಯೇಕವಾಗಿ ಅನುವಾದಿಸಬೇಕು. ಅವೆರಡನ್ನೂ ಕೂಡಿಸಿ ಒಂದು ಪಾಠವನ್ನು ಸಿದ್ಧಪಡಿಸಬೇಕು. ಮೂಲವನ್ನು ನೋಡಿರದ ಬೇರೆ ಇಬ್ಬರು ಆ ಪಾಠವನ್ನು ಮರಳಿ ಮೂಲಭಾಷೆಗೆ ತರಬೇಕು. ತಜ್ಞರ ಸಮಿತಿಯು ಎಲ್ಲ ಪಾಠಗಳನ್ನೂ ಹೋಲಿಸಿ ನೋಡಬೇಕು. ಕೊನೆಯಲ್ಲಿ 30ರಿಂದ 40 ಜನರಿಗೆ ಪ್ರಾಯೋಗಿಕವಾಗಿ ನೀಡಿ, ಪ್ರತಿಯೊಂದು ಹೇಳಿಕೆಯನ್ನೂ ಅವರು ಹೇಗೆ ಅರ್ಥಮಾಡಿಕೊಂಡರೆಂದು ವಿಚಾರಿಸಬೇಕು.

ಕನ್ನಡದ ಸಂದರ್ಭದಲ್ಲಿ ಈ ಎಚ್ಚರ ಏಕೆ ಅಗತ್ಯವೆಂಬುದನ್ನು ಕೆಲವು ಉದಾಹರಣೆಗಳಿಂದ ತಿಳಿಯಬಹುದು. "ಬಗ್ಗಿದರೆ ನೋಯುತ್ತದೆ" ಎಂಬುದು ಅನುಭವ. "ಬಗ್ಗಿದರೆ ಬೆನ್ನಿಗೆ ಹಾನಿಯಾಗುತ್ತದೆ" ಎಂಬುದು ನಂಬಿಕೆ. ಪ್ರಶ್ನಾವಳಿಗೆ ಬೇಕಾದುದು ಎರಡನೆಯದು. ಅನುವಾದಕರು ಹಾನಿ ಎಂಬಲ್ಲಿ ನೋವು ಎಂದು ಬರೆದರೆ ಭಯವೇ ಇಲ್ಲದ ರೋಗಿಯೂ ಪೂರ್ಣ ಅಂಕ ಪಡೆದುಬಿಡುತ್ತಾನೆ. ಹಾಗೆಯೇ "ಭಾರ ಎತ್ತಲಾರೆ" ಎಂಬುದು ಶಕ್ತಿಯ ಮಾತು, "ಭಾರ ಎತ್ತಬಾರದು" ಎಂಬುದು ನಿಷೇಧದ ಮಾತು. ಒಂದು ಪ್ರತ್ಯಯದ ವ್ಯತ್ಯಾಸದಿಂದ ಅಳೆಯುವ ವಸ್ತುವೇ ಬದಲಾಗುತ್ತದೆ. ನೋವು ಎಂಬ ಪದವೂ ಸರಳವಾದುದಲ್ಲ. ಮನಸ್ಸಿನ ವ್ಯಥೆಗೂ ಕನ್ನಡದಲ್ಲಿ ಅದೇ ಪದವಿರುವುದರಿಂದ ಮೈಯ ನೋವು ಎಂಬುದು ಸಂದರ್ಭದಿಂದ ಸ್ಪಷ್ಟವಾಗಬೇಕು. ನಕಾರಾತ್ಮಕ ಹೇಳಿಕೆಗಳು ಇನ್ನೊಂದು ತೊಡಕು. "ನೋವಿರುವಾಗ ಕೆಲಸ ಮಾಡಬಾರದು ಎಂಬುದನ್ನು ಒಪ್ಪುವುದಿಲ್ಲ" ಎಂಬ ಉತ್ತರದ ತಾತ್ಪರ್ಯವನ್ನು ಗ್ರಹಿಸಲು ವಿದ್ಯಾವಂತರೂ ಒಂದು ಕ್ಷಣ ತಡೆಯಬೇಕಾಗುತ್ತದೆ.

ದೇಹದ ಭಾಗದ ಹೆಸರಿನಲ್ಲಿಯೂ ಭೇದವಿದೆ. ಹಳೆಯ ಮೈಸೂರು ಪ್ರಾಂತದವರು ಸೊಂಟನೋವು ಎನ್ನುವುದನ್ನು ಉತ್ತರ ಕರ್ನಾಟಕದವರು ಟೊಂಕನೋವು ಎನ್ನುತ್ತಾರೆ. ನಡುನೋವು ಎನ್ನುವವರೂ ಇದ್ದಾರೆ. ಕೊನೆಯ ಪಕ್ಕೆಲುಬಿನ ಕೆಳಗಿನಿಂದ ಪಿರ್ರೆಯ ಕೆಳಮಡಿಕೆಯವರೆಗಿನ ಭಾಗವೇ ಇಲ್ಲಿ ಉದ್ದೇಶಿತವೆಂದು ತಿಳಿಸಲು ಬೆನ್ನಿನ ರೇಖಾಚಿತ್ರವೊಂದನ್ನು ಜೊತೆಗಿಡುವುದು ಸೂಕ್ತ. ಕೆಲಸ ಎಂಬ ಪದವು ಸಂಬಳದ ಉದ್ಯೋಗಕ್ಕೂ ಮನೆಗೆಲಸಕ್ಕೂ ಅನ್ವಯಿಸುವುದರಿಂದ, ನೀರು ಸೇದುವ, ಬಟ್ಟೆ ಒಗೆಯುವ ಗೃಹಿಣಿಯು ಉದ್ಯೋಗದ ಭಾಗಕ್ಕೆ ಹೇಗೆ ಉತ್ತರಿಸಬೇಕೆಂಬುದನ್ನೂ ಮೊದಲೇ ನಿರ್ಧರಿಸಬೇಕಾಗುತ್ತದೆ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದೆಡೆ ನೆಲೆಸಿರುವ ಕನ್ನಡಿಗರಿಗೆ ಆಸ್ಪತ್ರೆಗಳಲ್ಲಿ ಇಂತಹ ಪ್ರಶ್ನಾವಳಿ ಅನ್ಯಭಾಷೆಯಲ್ಲಿ ದೊರೆಯಬಹುದು. ಅಂತಹ ಸಂದರ್ಭದಲ್ಲಿ ಜೊತೆಗೆ ಬಂದ ಮಗನೋ ಸೊಸೆಯೋ ಅರ್ಥ ಹೇಳುತ್ತ, ತಮಗೆ ಸರಿಕಂಡ ಉತ್ತರವನ್ನು ತಾವೇ ಬರೆದುಬಿಡುವುದುಂಟು. ಹಾಗೆ ಬರೆದದ್ದು ಸಂಬಂಧಿಕರ ನಂಬಿಕೆಯ ಅಳತೆಯಾಗುತ್ತದೆಯೇ ಹೊರತು ರೋಗಿಯದಾಗುವುದಿಲ್ಲ. ಅರ್ಥವಾಗದ ಹೇಳಿಕೆಯನ್ನು ಬಿಡಿಸಿ ಹೇಳುವಂತೆ ಸಿಬ್ಬಂದಿಯನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ವಿಕ್ಟೋರಿಯಾ ರಾಜ್ಯದ ಪ್ರಯೋಗ

ನಂಬಿಕೆಯನ್ನು ಅಳೆಯಬಹುದಾದರೆ ಅದನ್ನು ಬದಲಾಯಿಸುವುದೂ ಸಾಧ್ಯವೇ? ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು ಈ ಪ್ರಶ್ನೆಗೆ ಉತ್ತರ ನೀಡಿತು. ಕಾರ್ಮಿಕರ ಪರಿಹಾರಧನದ ಹೊಣೆ ಹೊತ್ತ ಅಲ್ಲಿನ ಪ್ರಾಧಿಕಾರವು 1997ರ ಸೆಪ್ಟೆಂಬರ್‌ನಲ್ಲಿ ದೂರದರ್ಶನವನ್ನು ಮುಖ್ಯ ಮಾಧ್ಯಮವಾಗಿಟ್ಟುಕೊಂಡು ಬೃಹತ್ ಪ್ರಚಾರಾಂದೋಲನವನ್ನು ಆರಂಭಿಸಿತು. ಸೊಂಟನೋವು ಬಂದರೆ ಮಲಗಬೇಡಿ, ಚಟುವಟಿಕೆಯಿಂದಿರಿ, ಕೆಲಸಕ್ಕೆ ಮರಳಿ ಎಂಬುದೇ ಅದರ ಸಂದೇಶವಾಗಿತ್ತು. ನೆರೆಯ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಇಂತಹ ಪ್ರಚಾರವಿರಲಿಲ್ಲ. ರೇಚೆಲ್ ಬುಕ್‌ಬೈಂಡರ್ ಮತ್ತು ಸಹೋದ್ಯೋಗಿಗಳು ಎರಡೂ ರಾಜ್ಯಗಳ 4,730 ನಾಗರಿಕರಿಗೆ ಬೆನ್ನಿನ ನಂಬಿಕೆಗಳ ಪ್ರಶ್ನಾವಳಿಯನ್ನು ನೀಡಿ ಹೋಲಿಸಿದರು. ವಿಕ್ಟೋರಿಯಾದಲ್ಲಿ ಸರಾಸರಿ ಅಂಕವು 26.5ರಿಂದ 28.4ಕ್ಕೂ, ಅಲ್ಲಿಂದ 29.7ಕ್ಕೂ ಏರಿತು. ನ್ಯೂ ಸೌತ್ ವೇಲ್ಸ್‌ನಲ್ಲಿ ಅದು 26.3, 26.2 ಮತ್ತು 26.3ರಲ್ಲೇ ನಿಂತಿತು.

ಮೂರು ಅಂಕಗಳ ಏರಿಕೆ ಅಲ್ಪವೆಂದು ತೋರಬಹುದು. ಆದರೆ ಇದು ಇಡೀ ಜನಸಮುದಾಯದ ಸರಾಸರಿ ಎಂಬುದನ್ನು ಮರೆಯಬಾರದು. ಅದೇ ಅವಧಿಯಲ್ಲಿ ವಿಕ್ಟೋರಿಯಾದಲ್ಲಿ ಬೆನ್ನುನೋವಿಗಾಗಿ ಸಲ್ಲಿಸಲಾದ ಪರಿಹಾರದ ಅರ್ಜಿಗಳೂ ವೈದ್ಯಕೀಯ ವೆಚ್ಚವೂ ಇಳಿಮುಖವಾದವು. ವೈದ್ಯರನ್ನೂ ಪ್ರತ್ಯೇಕವಾಗಿ ಪ್ರಶ್ನಿಸಲಾಗಿ, ಅವರ ಅಭಿಪ್ರಾಯಗಳಲ್ಲಿಯೂ ಸುಧಾರಣೆ ಕಂಡುಬಂದಿತು. ಆಂದೋಲನ ಮುಗಿದ ಮೂರು ವರ್ಷಗಳ ಅನಂತರವೂ ಜನರ ನಂಬಿಕೆಯಲ್ಲಿನ ಸುಧಾರಣೆ ಉಳಿದಿತ್ತೆಂದು 2005ರಲ್ಲಿ ವರದಿಯಾಯಿತು.

ಎಲ್ಲೆಡೆಯೂ ಇದೇ ಫಲ ದೊರೆತಿಲ್ಲ. ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ 2005ರಲ್ಲಿ ಆರಂಭವಾದ, ಬಹುತೇಕ ರೇಡಿಯೋವನ್ನು ಅವಲಂಬಿಸಿದ ಆಂದೋಲನದಿಂದ ಜನರ ಅಭಿಪ್ರಾಯ ಸ್ವಲ್ಪಮಟ್ಟಿಗೆ ಬದಲಾಯಿತಾದರೂ, ಕೆಲಸಕ್ಕೆ ಗೈರುಹಾಜರಿ ಮತ್ತು ಚಿಕಿತ್ಸೆಯ ಬಳಕೆ ಕಡಿಮೆಯಾಗಲಿಲ್ಲ. ಅಭಿಪ್ರಾಯದ ಬದಲಾವಣೆಯು ಆಚರಣೆಗೆ ಇಳಿಯಬೇಕಾದರೆ ಸಂದೇಶವು ಪ್ರಬಲವಾಗಿಯೂ ದೀರ್ಘಕಾಲಿಕವಾಗಿಯೂ ಇರಬೇಕು, ಉದ್ಯೋಗದಾತರ ಹಾಗೂ ವೈದ್ಯರ ಸಹಕಾರವೂ ಬೇಕು ಎಂಬ ಪಾಠವನ್ನು ಇವೆರಡರ ಹೋಲಿಕೆಯಿಂದ ಕಲಿಯಬಹುದು.

ಮಿತಿಗಳು ಮತ್ತು ಎಚ್ಚರಿಕೆ

ಭಯದ ಅಂಕ ಹೆಚ್ಚಿದೆ ಎಂದ ಮಾತ್ರಕ್ಕೆ ನೋವು ಕಲ್ಪಿತವೆಂದಾಗಲಿ, ರೋಗಿಯು ನಟಿಸುತ್ತಿದ್ದಾನೆಂದಾಗಲಿ ತೀರ್ಮಾನಿಸುವುದು ತಪ್ಪು. ನೋವು ನಿಜ, ಭಯವೂ ನಿಜ. ನೋವನ್ನು ಪರಿಹರಿಸುವ ಪ್ರಯತ್ನದಲ್ಲಿ ಭಯವನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂಬುದಷ್ಟೇ ಪ್ರಶ್ನಾವಳಿಯ ಆಶಯ. ಪ್ರಶ್ನಾವಳಿಯು ವೈದ್ಯಕೀಯ ತಪಾಸಣೆಗೆ ಬದಲಿಯೂ ಅಲ್ಲ. ಮಲಮೂತ್ರಗಳ ಮೇಲಿನ ಹತೋಟಿ ತಪ್ಪುವುದು, ತೊಡೆಸಂದು ಹಾಗೂ ಗುದದ್ವಾರದ ಸುತ್ತ ಮರಗಟ್ಟುವುದು, ಕಾಲಿನ ಶಕ್ತಿ ಕುಂದುತ್ತ ಹೋಗುವುದು, ಇವುಗಳಲ್ಲಿ ಯಾವುದೇ ಲಕ್ಷಣವಿದ್ದರೂ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ನೋವಿನೊಂದಿಗೆ ಜ್ವರ, ಕಾರಣವಿಲ್ಲದ ತೂಕದ ಇಳಿಕೆ, ಹಿಂದೆ ಕ್ಯಾನ್ಸರ್ ಅಥವಾ ಕ್ಷಯರೋಗ ಬಂದಿದ್ದ ಹಿನ್ನೆಲೆ, ಬಿದ್ದು ಪೆಟ್ಟಾದ ಪ್ರಸಂಗಗಳಿದ್ದರೆ ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳುವುದು ಅತ್ಯಗತ್ಯ. ಅಂತಹ ಸ್ಥಿತಿಯಲ್ಲಿ ರೋಗಿಯ ಭಯಕ್ಕೆ ಸಕಾರಣವಿರುತ್ತದೆ.

ಬಡತನ, ಉದ್ಯೋಗದ ಅಭದ್ರತೆ, ವಿರಾಮವಿಲ್ಲದ ದುಡಿಮೆ ಇವುಗಳನ್ನು ಯಾವ ನಂಬಿಕೆಯ ಮಾಪಕವೂ ಅಳೆಯದು. ದಿನಗೂಲಿಯನ್ನೇ ನಂಬಿದ ಹಮಾಲನೊಬ್ಬನು ಭಾರ ಎತ್ತಲು ಹೆದರುತ್ತಾನೆಂದರೆ, ಅವನ ನಂಬಿಕೆಯ ಜೊತೆಗೆ ಅವನು ಎತ್ತಬೇಕಾದ ಮೂಟೆಯ ತೂಕವನ್ನೂ ವಿಚಾರಿಸಬೇಕಾಗುತ್ತದೆ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಪ್ರಶ್ನಾವಳಿಯನ್ನು ಭರ್ತಿ ಮಾಡುವಾಗ ಸರಿಯಾದ ಉತ್ತರ, ತಪ್ಪು ಉತ್ತರ ಎಂಬ ಭೇದವಿರುವುದಿಲ್ಲ. ವೈದ್ಯರಿಗೆ ಪ್ರಿಯವಾಗಲೆಂದು ಧೈರ್ಯವನ್ನು ತೋರಿಸುವುದರಿಂದ ರೋಗಿಗೇ ನಷ್ಟ. ಮನಸ್ಸಿಗೆ ಮೊದಲು ತೋಚಿದ ಉತ್ತರವನ್ನು ಗುರುತಿಸುವುದು, ಯಾವ ಹೇಳಿಕೆಯನ್ನೂ ಖಾಲಿ ಬಿಡದಿರುವುದು, ಬಂದ ಅಂಕದ ಅರ್ಥವೇನೆಂದು ಚಿಕಿತ್ಸಕರನ್ನು ಕೇಳಿ ತಿಳಿಯುವುದು ಉತ್ತಮ ಕ್ರಮ. ವೈದ್ಯರು ಮತ್ತು ಫಿಸಿಯೋಥೆರಪಿ ತಜ್ಞರೂ ತಮ್ಮ ಮಾತಿನ ಪರಿಣಾಮವನ್ನು ಅರಿತಿರಬೇಕು. "ಇನ್ನು ಮುಂದೆ ಬಗ್ಗಲೇಬೇಡಿ" ಎಂಬ ಒಂದು ವಾಕ್ಯ ರೋಗಿಯ ಮನಸ್ಸಿನಲ್ಲಿ ವರ್ಷಗಳ ಕಾಲ ನೆಲೆಸಬಲ್ಲದು.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಚಿಕಿತ್ಸೆಗಾಗಿ ಮಾರ್ಗಸೂಚಿಯನ್ನು ಪ್ರಕಟಿಸಿತು. ರೋಗಿಗೆ ತಿಳಿವಳಿಕೆ ನೀಡುವುದು, ವ್ಯಾಯಾಮ ಹಾಗೂ ಮನೋವೈಜ್ಞಾನಿಕ ಚಿಕಿತ್ಸೆಗಳಿಗೆ ಅದರಲ್ಲಿ ಸ್ಥಾನವಿದ್ದು, ಸೊಂಟಪಟ್ಟಿ ಹಾಗೂ ತೂಕ ಕಟ್ಟಿ ಎಳೆಯುವ ಚಿಕಿತ್ಸೆಗಳನ್ನು ವಾಡಿಕೆಯಾಗಿ ನೀಡಬಾರದೆಂದು ಹೇಳಲಾಗಿದೆ. ತಿಳಿವಳಿಕೆಯೂ ಚಿಕಿತ್ಸೆಯ ಅಂಗವೇ ಎಂಬ ಮಾತಿಗೆ ಇದರಿಂದ ಪುಷ್ಟಿ ದೊರೆತಿದೆ.

ಬೆನ್ನೆಲುಬು ಮಾನವ ಶರೀರದ ಅತ್ಯಂತ ದೃಢವಾದ ರಚನೆಗಳಲ್ಲೊಂದು. ಬಾಗಲು, ಹೊರಳಲು, ಭಾರ ಹೊರಲು ಅದು ಸಮರ್ಥವಾಗಿದೆ. ಆ ಸಾಮರ್ಥ್ಯದಲ್ಲಿ ರೋಗಿಗೆ ಮರಳಿ ವಿಶ್ವಾಸ ಮೂಡಿಸುವುದೇ ಸೊಂಟನೋವಿನ ಚಿಕಿತ್ಸೆಯ ಮುಖ್ಯ ಹೆಜ್ಜೆ. ಆ ವಿಶ್ವಾಸ ಎಲ್ಲಿ ಕುಸಿದಿದೆ ಎಂಬುದನ್ನು ತೋರಿಸಿಕೊಡುವ ಈ ಸರಳ ಪ್ರಶ್ನಾವಳಿಗಳನ್ನು ರೋಗಿಗಳು ಪ್ರಾಮಾಣಿಕವಾಗಿಯೂ ಚಿಕಿತ್ಸಕರು ಸಹಾನುಭೂತಿಯಿಂದಲೂ ಬಳಸಿದಲ್ಲಿ, ಅನಗತ್ಯ ಭಯದಿಂದ ಹಾಸಿಗೆ ಹಿಡಿಯುವ ಅನೇಕರು ತಮ್ಮ ದುಡಿಮೆಗೂ ಕುಟುಂಬದ ನಲಿವಿಗೂ ಮರಳಬಹುದಾಗಿದೆ.